ಸಂಶಯದ ಕಡತಗಳಲ್ಲಿ ಉಳಿದ ವಂಶಾವಳಿ

1800ರ ನವೆಂಬರ್ 8ರಂದು ಅಮೆರಿಕದ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿತ್ತು. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಕಾದಾಡಿದ ಸೈನಿಕರ ಎಷ್ಟೋ ದಾಖಲೆಗಳು ಅದರಲ್ಲಿ ಸುಟ್ಟುಹೋದವು. ಬಡತನದಲ್ಲಿದ್ದ ಹಳೆಯ ಸೈನಿಕರಿಗೆ 1818ರಲ್ಲಿ ಪಿಂಚಣಿ ಕೊಡಲು ಹೊರಟಾಗ, ಆರು ತಿಂಗಳಾದರೂ ಸೇವೆ ಮಾಡಿದವರಿಗೆಲ್ಲ 1832ರಲ್ಲಿ ಅದನ್ನು ವಿಸ್ತರಿಸಿದಾಗ, ಅರ್ಜಿದಾರರ ಮಾತನ್ನು ತಾಳೆ ನೋಡಲು ಸರ್ಕಾರದ ಬಳಿ ಸಾಕಷ್ಟು ಕಾಗದವೇ ಇರಲಿಲ್ಲ. ಹಾಗಾಗಿ ವಯಸ್ಸಾದವರು ನ್ಯಾಯಾಲಯಕ್ಕೆ ಬಂದು, ಎಲ್ಲಿ ಹುಟ್ಟಿದೆ, ಯಾರ ಕೈಕೆಳಗಿದ್ದೆ, ಯಾವ ಕಾಳಗ ಕಂಡೆ ಎಂದು ಪ್ರಮಾಣ ಮಾಡಿ ಹೇಳಬೇಕಾಯಿತು. 1836ರ ನಂತರ ವಿಧವೆಯರಿಗೂ ದಾರಿ ತೆರೆಯಿತು. ಮದುವೆಯ ದಿನ ಸಾಬೀತುಪಡಿಸಲು ಅವರಲ್ಲಿ ಅನೇಕರು ಮನೆಯ ಬೈಬಲ್‌ನಲ್ಲಿ ಹುಟ್ಟು, ಸಾವು, ಮದುವೆ ಬರೆದಿಟ್ಟಿದ್ದ ಹಾಳೆಗಳನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಈ ಒಂದು ಯುದ್ಧಕ್ಕೆ ಸೇರಿದ ಸುಮಾರು 80,000 ಪಿಂಚಣಿ ಕಡತಗಳಿವೆ. ಕುಟುಂಬದ ಬೇರು ಹುಡುಕುವ ಅಮೆರಿಕನ್ನರು ಇವನ್ನು ಸರ್ಕಾರದ ಕೃತಜ್ಞತೆಯ ಫಲವೆಂದು ಭಾವಿಸುವುದುಂಟು. ನನ್ನ ಎಣಿಕೆಯಲ್ಲಿ ಇವು ಸರ್ಕಾರದ ಸಂಶಯದಿಂದ ಹುಟ್ಟಿದವು. ಯಾರ ಕೈಯಲ್ಲಿ ಕಾಗದವಿರಲಿಲ್ಲವೋ ಅವರನ್ನೇ ಹೆಚ್ಚು ಪ್ರಶ್ನಿಸಿದರು, ಅದರಿಂದಾಗಿ ಅವರ ಬಗ್ಗೆಯೇ ಹೆಚ್ಚು ಬರೆದರು.

ಇದಕ್ಕೆ ಬಲವಾದ ಸಾಕ್ಷಿ ಸಿಗುವುದು 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ಕಡತಗಳಲ್ಲಿ. ಉತ್ತರದ ಸೇನೆಯಲ್ಲಿ ಅವರು ಸುಮಾರು 1,80,000 ಮಂದಿ. ಬಹುಪಾಲು ಜನ ಗುಲಾಮಗಿರಿಯಿಂದ ಬಂದವರು. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಗುಲಾಮರಿಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ ಇದ್ದು, ಹೆಸರು ಸಾಮಾನ್ಯವಾಗಿ ಇಲ್ಲ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನೊಂದಿಗೆ ಬಂದು ಮನೆತನದ ತಲೆಮಾರುಗಳನ್ನು ಹಾಡಿ ಹೇಳುತ್ತಾರಲ್ಲ, ಅಂಥ ಒಂದು ನೆನಪಿನ ವ್ಯವಸ್ಥೆ ಬೆಳೆಯಲೂ ಅಲ್ಲಿ ಅವಕಾಶವಿರಲಿಲ್ಲ. ಮಾರಾಟವು ತಾಯಿ–ಮಕ್ಕಳನ್ನು ಬೇರೆ ಬೇರೆ ಸಂಸ್ಥಾನಗಳಿಗೆ ಚದುರಿಸುತ್ತಿತ್ತು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೂ ಇರಲಿಲ್ಲ. ಹಾಗಿದ್ದಾಗ ಸತ್ತ ಸೈನಿಕನ ಹೆಂಡತಿ ತಾನು ಹೆಂಡತಿ ಎಂದು ತೋರಿಸುವುದು ಹೇಗೆ? 1864ರ ಏಪ್ರಿಲ್‌ನಲ್ಲಿ ಟೆನೆಸಿಯ ಫೋರ್ಟ್ ಪಿಲ್ಲೋದಲ್ಲಿ ಕಪ್ಪು ಸೈನಿಕರ ಹತ್ಯಾಕಾಂಡ ನಡೆದ ಮೇಲೆ, ಅಲ್ಲಿ ಮಡಿದ ಬಿಳಿಯ ಅಧಿಕಾರಿ ಮೇಜರ್ ಬೂತ್‌ನ ಪತ್ನಿ ಅಧ್ಯಕ್ಷ ಲಿಂಕನ್‌ರನ್ನು ಕಂಡು ಇದೇ ಪ್ರಶ್ನೆ ಎತ್ತಿದಳು. ಈ ಮದುವೆಗಳನ್ನು ಕಾನೂನುಬದ್ಧವೆಂದೇ ಪರಿಗಣಿಸಬೇಕೆಂಬ ಆಕೆಯ ಬೇಡಿಕೆಯನ್ನು ಲಿಂಕನ್ ಮೇ 19ರಂದು ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ಬರೆದು ಕಳಿಸಿದರು. ಜುಲೈನಲ್ಲಿ ಕಾನೂನು ಬಂತು: ಸೇನೆಗೆ ಸೇರುವ ಮುನ್ನ ಎರಡು ವರ್ಷ ಗಂಡ–ಹೆಂಡತಿಯಾಗಿ ಬಾಳಿದ್ದರೆಂದು ನಂಬಲರ್ಹ ಸಾಕ್ಷಿಗಳು ಹೇಳಿದರೆ ಸಾಕು. 1866ರಲ್ಲಿ ಷರತ್ತು ಇನ್ನಷ್ಟು ಸಡಿಲವಾಯಿತು.

ಕಾಗದದ ಜಾಗಕ್ಕೆ ಮಾತು ಬಂದದ್ದೇ ತಡ, ಮಾತನ್ನು ಜಾಲಾಡುವ ಕೆಲಸವೂ ಶುರುವಾಯಿತು. ಅನುಮಾನ ಬಂದ ಅರ್ಜಿಗಳ ಹಿಂದೆ ಪಿಂಚಣಿ ಇಲಾಖೆಯ ವಿಶೇಷ ತನಿಖಾಧಿಕಾರಿಗಳು ಊರೂರು ಸುತ್ತಿದರು. ನಿನ್ನ ಒಡೆಯ ಯಾರು, ನಿನ್ನನ್ನು ಯಾರಿಗೆ ಮಾರಿದರು, ಮದುವೆಗೆ ಯಾರಿದ್ದರು ಎಂದು ಕೇಳಿ ಬರೆದುಕೊಂಡರು. ಹೆರಿಗೆ ಮಾಡಿಸಿದ ಸೂಲಗಿತ್ತಿ, ಜೊತೆಗೆ ದುಡಿದವರು, ಕೆಲವೊಮ್ಮೆ ಹಳೆಯ ಒಡೆಯನ ಮನೆಯವರೂ ಸಾಕ್ಷಿ ನುಡಿದರು. ಗುಲಾಮರ ಬಿಡುಗಡೆಗೆ ದುಡಿದ ಹ್ಯಾರಿಯೆಟ್ ಟಬ್‌ಮನ್‌ರಂಥ ಹೆಸರಾಂತ ಮಹಿಳೆಗೂ ವಿನಾಯಿತಿ ಸಿಗಲಿಲ್ಲ. ಆಕೆಯ ಗಂಡ ನೆಲ್ಸನ್ ಡೇವಿಸ್ ಸೇನೆಯಲ್ಲಿದ್ದದ್ದು ಒಡೆಯನ ಮನೆತನದ ಹೆಸರು ಹೊತ್ತ ನೆಲ್ಸನ್ ಚಾರ್ಲ್ಸ್ ಆಗಿ. ಡೇವಿಸ್ ತಂದೆಯ ಕಡೆಯ ಹೆಸರು. ಇಬ್ಬರೂ ಒಬ್ಬನೇ ಎಂದು ತೋರಿಸಬೇಕಾಗಿ ಬಂತು. 1888ರಲ್ಲಿ ಗಂಡ ತೀರಿಕೊಂಡರೂ ತಿಂಗಳಿಗೆ 8 ಡಾಲರ್ ಪಿಂಚಣಿ ಮಂಜೂರಾದದ್ದು 1895ರಲ್ಲಿ. ಆ ವಿಳಂಬ ಅನ್ಯಾಯವೇ. ಆದರೆ ಒಬ್ಬ ಸಾಮಾನ್ಯ ಸೈನಿಕನ ಎರಡು ಹೆಸರುಗಳ ನಡುವಿನ ಕೊಂಡಿ ಉಳಿದದ್ದು ಆ ವಿಚಾರಣೆಯಿಂದಲೇ.

ಹಣಕ್ಕಾಗಿ ಹೇಳಿದ ಮಾತನ್ನು ಇತಿಹಾಸವೆಂದು ನಂಬಬಹುದೇ ಎಂಬ ಆಕ್ಷೇಪ ಸಹಜ. ಶುಲ್ಕ ಪಡೆದು ಅರ್ಜಿ ಬರೆದುಕೊಡುವ ಮಧ್ಯವರ್ತಿಗಳು ಒಂದೇ ಅಚ್ಚಿನ ವಾಕ್ಯಗಳಲ್ಲಿ ಪ್ರಮಾಣಪತ್ರ ತಯಾರಿಸುತ್ತಿದ್ದುದೂ ನಿಜ. ಅಂಥ ಪತ್ರ ಒಂದೇ ಇದ್ದರೆ ನಾನೂ ಅದರ ಮೇಲೆ ಭಾರ ಹಾಕುವುದಿಲ್ಲ. ಆದರೆ ತನಿಖೆಯಾದ ಕಡತದಲ್ಲಿ ಹಲವರ ಹೇಳಿಕೆಗಳು ಎದುರುಬದುರಾಗುತ್ತವೆ, ವಯಸ್ಸು–ವರ್ಷಗಳಲ್ಲಿ ಹೊಂದುವುದಿಲ್ಲ, ಹಾಗೆ ಹೊಂದದ ಕಡೆಯಲ್ಲೇ ಪ್ರಶ್ನೆ ಮುಂದುವರಿಯುತ್ತದೆ. ಲಾಭಕ್ಕಾಗಿ ವಯಸ್ಸನ್ನು ಹೆಚ್ಚಿಸಿ ಹೇಳಬಹುದು. ಪಿಂಚಣಿಗೆ ಸಂಬಂಧವೇ ಇಲ್ಲದ ಅತ್ತೆಯ ಹೆಸರನ್ನೋ ತಂಗಿಯನ್ನು ಮಾರಿದ ಊರನ್ನೋ ಕಟ್ಟಿ ಹೇಳುವುದರಿಂದ ಯಾರಿಗೂ ಡಾಲರ್ ಸಿಗುತ್ತಿರಲಿಲ್ಲ. ವಂಶಾವಳಿ ಹುಡುಕುವವರಿಗೆ ಬೇಕಾದದ್ದು ಬಹುಮಟ್ಟಿಗೆ ಇಂಥ ಮಾತುಗಳೇ. ಅವುಗಳನ್ನು ಬರೆದುಕೊಂಡ ಕೈ ಹೆಚ್ಚಾಗಿ ಬಿಳಿಯ ಅಧಿಕಾರಿಯದು, ಆತ ಮಾತನ್ನು ತನಗೆ ಬೇಕಾದಂತೆ ತಿದ್ದಿರಬಹುದು ಎಂಬುದನ್ನು ಒಪ್ಪುತ್ತೇನೆ. ಎಲಿಜಬೆತ್ ರೆಗೊಸಿನ್, ಡೊನಾಲ್ಡ್ ಶಾಫರ್ ಅವರಂಥ ಇತಿಹಾಸಕಾರರು ಈ ಮಿತಿಯನ್ನು ಅರಿತೇ ಆ ಕಡತಗಳಿಂದ ಬಿಡುಗಡೆಗೊಂಡವರ ದನಿಯನ್ನು ಓದಿದ್ದಾರೆ.

ಇದಕ್ಕಿಂತ ತೀಕ್ಷ್ಣವಾದ ಆಕ್ಷೇಪವೆಂದರೆ ಈ ದಾಖಲೆ ಅವಮಾನದ ಬೆಲೆಗೆ ಬಂದದ್ದು ಎಂಬುದು. 1882ರ ಕಾನೂನಿನ ಪ್ರಕಾರ, ಮದುವೆಯಾಗದೆ ಇನ್ನೊಬ್ಬನೊಂದಿಗೆ ಬಹಿರಂಗವಾಗಿ ಸಂಸಾರ ಮಾಡುವ ವಿಧವೆಯ ಪಿಂಚಣಿ ನಿಲ್ಲಿಸಬಹುದಿತ್ತು. ಅವಳ ನಡತೆಯನ್ನು ನೆರೆಹೊರೆಯವರ ಬಾಯಲ್ಲಿ ಕೇಳಿ ಬರೆಸಿದರು. ಬಿಳಿಯರಿಗಿಂತ ಕಪ್ಪು ಅರ್ಜಿದಾರರು ಸೋತದ್ದೂ ಹೆಚ್ಚು. ಇದಕ್ಕೆ ಸಮಜಾಯಿಷಿ ಕೊಡಲು ನನ್ನಿಂದಾಗದು. ಕೊಡಬಾರದೂ ಕೂಡ. ಆ ಹೆಂಗಸರು ಬೇಡಿದ್ದು ಇತಿಹಾಸವನ್ನಲ್ಲ, ಗಂಡ ದುಡಿದು ಸತ್ತ ಹಕ್ಕಿನ ಹಣವನ್ನು. ಹಾಗೆಂದು ಕಡತವನ್ನು ಮುಚ್ಚಿಟ್ಟರೆ ಅವಮಾನಿಸಿದವರ ಹೊಣೆ ಕಾಣದಂತಾಗುತ್ತದೆಯೇ ಹೊರತು ಆ ಹೆಂಗಸರಿಗೆ ನ್ಯಾಯ ಸಿಗುವುದಿಲ್ಲ. ತಿರಸ್ಕೃತ ಅರ್ಜಿಗಳನ್ನೂ ಸರ್ಕಾರ ನಾಶ ಮಾಡದೆ ಇಟ್ಟುಕೊಂಡಿದೆ. ಪಿಂಚಣಿ ಪಡೆದವರ ಪಟ್ಟಿಯಲ್ಲಿ ಅಜ್ಜನ ಹೆಸರು ಕಾಣದೆ ಕೈಬಿಡುವವರು ಅಲ್ಲಿ ಇನ್ನೊಮ್ಮೆ ಹುಡುಕಬೇಕು, ಅದೂ ಅವನು ಸೇನೆಯಲ್ಲಿ ಹೊತ್ತಿದ್ದ ಹೆಸರಿನಡಿಯಲ್ಲಿ.