ಮೀನಿಗೆ ಊಟ, ಪಂಪಿಗೆ ನಾಲ್ಕು ನಿಮಿಷ ಬಿಡುವು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ನಿಮಗಿದ್ದರೆ ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತೀರಿ. ನೀರನ್ನು ಸೋಸುವ ಪಂಪು ಓಡುತ್ತಿರುವಾಗ ಮೇವು ಹಾಕಿದರೆ ಅದರಲ್ಲೊಂದು ಪಾಲು ಮೀನಿನ ಬಾಯಿಗೆ ಸಿಗದೆ ಫಿಲ್ಟರಿನ ಸ್ಪಂಜನ್ನು ಸೇರುತ್ತದೆ. ಅಲ್ಲಿ ಕೊಳೆತು, ಅಮೋನಿಯ ಹುಟ್ಟಿ, ನೀರು ಕೆಡುತ್ತದೆ. ಆದ್ದರಿಂದ ಮೇವಿನ ಹೊತ್ತಿಗೆ ಪಂಪನ್ನು ನಿಲ್ಲಿಸುವುದು ವಾಡಿಕೆ.

ನಿಲ್ಲಿಸುವುದು ಸುಲಭ, ಮತ್ತೆ ಹಾಕುವುದನ್ನು ನೆನಪಿಡುವುದೇ ಕಷ್ಟ. ಜಾವಗಲ್ಲಿನಲ್ಲಿರುವ ನಮ್ಮ ಬಂಧುಗಳೊಬ್ಬರು ಒಂದು ಬೆಳಗ್ಗೆ ಪಂಪು ಆರಿಸಿ ಮೇವು ಹಾಕಿದವರು, ಅರಸೀಕೆರೆಯಲ್ಲಿ ರೈಲು ಹಿಡಿಯುವ ಅವಸರದಲ್ಲಿ ಮನೆಗೆ ಬೀಗ ಹಾಕಿ ಹೊರಟುಬಿಟ್ಟರು. ಮರುದಿನ ಸಂಜೆ ಬಂದು ನೋಡುತ್ತಾರೆ, ಮಕ್ಕಳು ಹೆಸರಿಟ್ಟು ಸಾಕಿದ್ದ ನಾಲ್ಕು ಗೋಲ್ಡ್‌ಫಿಷ್‌ಗಳೂ ಸತ್ತು ತೇಲುತ್ತಿವೆ. ಅಲುಗದ ನೀರಿಗೆ ಗಾಳಿಯ ಆಮ್ಲಜನಕ ಸಾಕಷ್ಟು ಇಳಿಯುವುದಿಲ್ಲ. ಫಿಲ್ಟರಿನಲ್ಲಿ ನೆಲೆಸಿ ಅಮೋನಿಯವನ್ನು ಅರಗಿಸತಕ್ಕ ಸೂಕ್ಷ್ಮಾಣುಗಳಿಗೂ ಅದೇ ಗತಿ.

ನೆನಪಿಡುವ ಈ ಕೆಲಸವನ್ನು ಒಂದು ಚಿಕ್ಕ ಯಂತ್ರಕ್ಕೆ ಒಪ್ಪಿಸಬಹುದು. ಹಿಂದೆ ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದುದನ್ನು ಹಿರಿಯರಿಂದ ಕೇಳಿರಬಹುದು. ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲು ನೀರಿನ ಮೇಲೆ ತೇಲುತ್ತ, ತುಂಬುತ್ತ, ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಹ್ಯಾನ್ಸ್ ಕ್ಯಾಮೆನ್ಜಿಂಡ್ ಎಂಬ ಎಂಜಿನಿಯರು 1971ರಲ್ಲಿ ರೂಪಿಸಿದ 555 ಎಂಬ ಚಿಪ್ಪಿನ ಉಪಾಯವೂ ಇಂಥದೇ. ಇಲ್ಲಿ ಬಟ್ಟಲೆಂದರೆ ಕೆಪಾಸಿಟರು, ತೂತೆಂದರೆ ರೆಸಿಸ್ಟರು. ಕೆಪಾಸಿಟರು ಮೂರರಲ್ಲಿ ಎರಡು ಪಾಲು ತುಂಬಿದೊಡನೆ ಗಡುವು ಮುಗಿಯಿತು. ಲೆಕ್ಕವೂ ಸರಳ: ಮೆಗಾಓಮನ್ನು ಮೈಕ್ರೋಫ್ಯಾರಡಿನಿಂದ ಗುಣಿಸಿ, ಅದನ್ನು 1.1ರಿಂದ ಗುಣಿಸಿದರೆ ಸೆಕೆಂಡುಗಳು ಬರುತ್ತವೆ. 0.22 ಮೆಗಾಓಮಿಗೆ 1000 ಮೈಕ್ರೋಫ್ಯಾರಡ್ ಸೇರಿದರೆ 242 ಸೆಕೆಂಡು, ಅಂದರೆ ನಾಲ್ಕು ನಿಮಿಷ. ಮೀನಿಗೆ ಅಷ್ಟು ಸಾಕು. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸಲಾರದಷ್ಟು ಮೇವನ್ನು ಹಾಕಲೇಬಾರದು.

‘ಮಾನೋಸ್ಟೇಬಲ್’ ಜೋಡಣೆ ಎಂದು ಕೇಳಿದರೆ ಎಲೆಕ್ಟ್ರಾನಿಕ್ಸ್ ಬಲ್ಲವರು ಯಾರಾದರೂ ನಕ್ಷೆ ಬರೆದುಕೊಟ್ಟಾರು. ಗುಂಡಿ ಒತ್ತಿದಾಗ ಚಿಪ್ಪು 12 ವೋಲ್ಟಿನ ರಿಲೇಯನ್ನು ಎಳೆಯುತ್ತದೆ. ಗಡುವು ಮುಗಿದಾಗ ಬಿಡುತ್ತದೆ. ಆದರೆ ಇದೊಂದನ್ನು ನೀವೇ ನಿಂತು ನೋಡಿಕೊಳ್ಳಿ. ರಿಲೇಯಲ್ಲಿ ಎರಡು ಬಗೆಯ ಸಂಪರ್ಕಗಳುಂಟು. ರಿಲೇ ಸುಮ್ಮನಿರುವಾಗ ಕೂಡಿಕೊಂಡೇ ಇರುವ ಸಂಪರ್ಕದಲ್ಲಿ ಪಂಪಿನ ತಂತಿ ಹಾಯಬೇಕು. ಆಗ ಅಡಾಪ್ಟರು ಸುಟ್ಟರೂ, ರಿಲೇಯ ಸುರುಳಿ ಹರಿದರೂ ಪಂಪು ಓಡುತ್ತಲೇ ಇರುತ್ತದೆ. ತಿರುಗುಮುರುಗಾದರೆ ಜಾವಗಲ್ಲಿನ ಕಥೆಯೇ.

ಹೀಗೆ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ಹಳೆಯ ಕೆಪಾಸಿಟರು ತೂತು ಕೊಡದಂತೆ. ತುಂಬಿದ್ದೆಲ್ಲ ಸೋರಿಹೋಗಿ ಗಡುವು ಮುಗಿಯುವುದೇ ಇಲ್ಲ. ಹೊಸದನ್ನೇ ಕೊಳ್ಳಿರಿ. ಮೊದಲ ವಾರ ಪಂಪಿನ ಬದಲು ಒಂದು ಮೇಜುದೀಪವನ್ನು ಜೋಡಿಸಿ, ಗಡಿಯಾರ ಹಿಡಿದು ದಿನವೂ ಪರೀಕ್ಷಿಸಿರಿ. ದೀಪ ತಪ್ಪದೆ ಮತ್ತೆ ಹೊತ್ತಿಕೊಂಡರೆ ಆಮೇಲೆ ಪಂಪನ್ನು ಒಪ್ಪಿಸಬಹುದು. 230 ವೋಲ್ಟಿನ ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿರಿ. ಪಂಪಿನ ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರಲಿ. ತಂತಿಯ ಮೇಲೆ ಇಳಿದುಬರುವ ಹನಿ ಅಲ್ಲಿಯೇ ನೆಲಕ್ಕೆ ತೊಟ್ಟಿಕ್ಕುತ್ತದೆ.