ನೆಲ ಹೊಳೆಯಿಸುವ ಅನಿಲಯಂತ್ರ

(ಅಂತಿಮ ಬಿ.ಎ. ವಿದ್ಯಾರ್ಥಿ, ದುದ್ದ)

"ಬೆಂಕಿಯಿಲ್ಲದೆ ಹೊಗೆಯಾಡದು" ಎಂಬುದು ನಮ್ಮ ಹಿರಿಯರ ಮಾತು. ಹೊಗೆ ಕಂಡರೆ ಅಲ್ಲಿ ಬೆಂಕಿ ಉಂಟೆಂದು ತಿಳಿ ಎಂಬುದು ಅದರ ತಾತ್ಪರ್ಯ. ಸೌದೆ ಒಲೆಯ ಕಾಲಕ್ಕೆ ಈ ಮಾತು ಸಾಕಾಗಿತ್ತು. ಆ ಹೊಗೆ ಕಣ್ಣಲ್ಲಿ ನೀರು ತರಿಸಿ, ಕೆಮ್ಮು ಬರಿಸಿ, ತನ್ನ ಇರವನ್ನು ತಾನೇ ಸಾರುತ್ತಿತ್ತು. ಈಗಿನ ಯಂತ್ರಗಳಲ್ಲಾದರೋ ಬೆಂಕಿಯು ಕಬ್ಬಿಣದ ಹೊಟ್ಟೆಯೊಳಗೆ ಉರಿಯುತ್ತದೆ. ಅದರ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಅಂಥ ಒಂದು ಯಂತ್ರವನ್ನು ಹೇಗೆ ನಡೆಸಬೇಕು, ಹೇಗೆ ಜೋಪಾನ ಮಾಡಬೇಕು ಎಂಬುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ಅಧ್ಯಾಪಕರು ಕೇಳಬಹುದು. ಉತ್ತರ ಸರಳವಾಗಿದೆ. ದುದ್ದ ಹೋಬಳಿಯ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಹೊರಟವರಲ್ಲಿ ಗುಮಾಸ್ತರಾದವರೂ ಉಂಟು, ನೆಲ ಒರೆಸುವವರಾದವರೂ ಉಂಟು. ನನ್ನ ಚಿಕ್ಕಪ್ಪನ ಮಗ ಎರಡನೆಯ ಗುಂಪಿಗೆ ಸೇರಿದವನು. ಹೊರದೇಶದ ಒಂದು ದೊಡ್ಡ ಅಂಗಡಿಯಲ್ಲಿ, ಬಾಗಿಲು ಹಾಕಿದ ಮೇಲೆ, ರಾತ್ರಿ ಪಾಳಿಯಲ್ಲಿ ನೆಲ ಹೊಳೆಯಿಸುವುದು ಅವನ ಕೆಲಸ. ಆ ಯಂತ್ರದ ಇಂಗ್ಲಿಷ್ ಕೈಪಿಡಿಯ ಚಿತ್ರ ತೆಗೆದು ನನಗೆ ಕಳುಹಿಸಿ, "ನೀನು ಓದಿದವನು, ಇದರಲ್ಲಿ ಏನಿದೆ ಹೇಳಪ್ಪ" ಎಂದು ಕೇಳಿದ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಅವನಿಗಾಗಿ ಓದಿ ತಿಳಿದುದನ್ನು ಒಬ್ಬನಿಗೇ ಹೇಳಿ ಸುಮ್ಮನಾಗುವುದು ಸರಿಯಲ್ಲವೆಂದು ಇಲ್ಲಿ ಬರೆದಿದ್ದೇನೆ.

ಮೊದಲು ಯಂತ್ರದ ಪರಿಚಯ. ನಮ್ಮ ಊರುಗಳಲ್ಲಿ ನೆಲವೆಂದರೆ ಸೆಗಣಿ ಸಾರಿಸಿದ ನೆಲ, ಕೆಂಪು ಗಾರೆಯ ನೆಲ, ಕಡಪ ಕಲ್ಲಿನ ನೆಲ. ಈಚೆಗೆ ಗ್ರಾನೈಟು ಮತ್ತು ಟೈಲ್ಸು. ಅಮೆರಿಕದಂಥ ದೇಶಗಳಲ್ಲಿ ಅಂಗಡಿ ಮತ್ತು ಶಾಲೆಗಳ ವಿಶಾಲವಾದ ನೆಲಕ್ಕೆ ತೆಳುವಾದ ಹಾಸುಗಳನ್ನು ಅಂಟಿಸಿ, ಮೇಲೆ ಅರಗಿನಂಥ ಲೇಪ ಕೊಡುವ ವಾಡಿಕೆಯಿದೆ. ಜನ ಓಡಾಡಿದಂತೆ ಆ ಲೇಪ ಮಂಕಾಗುತ್ತದೆ. ಮತ್ತೆ ಹೊಳಪು ಬರಬೇಕಾದರೆ ನಾರಿನ ದುಂಡಾದ ಪ್ಯಾಡನ್ನು ಅದರ ಮೇಲೆ ಅತಿ ವೇಗವಾಗಿ ತಿರುಗಿಸಬೇಕು. ಆ ವೇಗ ನಿಮಿಷಕ್ಕೆ ಸುಮಾರು 1,500 ರಿಂದ 2,000 ಸುತ್ತು. ವಿದ್ಯುತ್ತಿನಿಂದ ನಡೆಯುವ ಯಂತ್ರಗಳೂ ಇವೆ. ಆದರೆ ಅವುಗಳ ಹಿಂದೆ ಉದ್ದನೆಯ ತಂತಿ ಎಳೆದಾಡಬೇಕು. ಆದ್ದರಿಂದ ದೊಡ್ಡ ಜಾಗಗಳಲ್ಲಿ ಮೋಟಾರು ಸೈಕಲ್ಲಿನ ಇಂಜಿನಿನಂಥ ಸಣ್ಣ ಇಂಜಿನನ್ನು ಕೂರಿಸಿ, ಪ್ರೊಪೇನ್ ಅನಿಲದಿಂದ ಅದನ್ನು ಓಡಿಸುತ್ತಾರೆ. ಹಿಂದೆ ಸುಮಾರು 9 ಕಿಲೋ ಅನಿಲ ಹಿಡಿಯುವ ಸಿಲಿಂಡರು, ಮುಂದೆ ತಿರುಗುವ ಪ್ಯಾಡು, ನಡುವೆ ಇಂಜಿನು: ಇಷ್ಟೇ ಅದರ ರಚನೆ. ನಮ್ಮ ದೇಶದಲ್ಲಿ ನೆಲದ ಯಂತ್ರಗಳು ಬಹುಮಟ್ಟಿಗೆ ವಿದ್ಯುತ್ತಿನವು ಅಥವಾ ಬ್ಯಾಟರಿಯವು. ಆದರೂ ಅದರ ಅನಿಲ ನಮಗೆ ಹೊಸದಲ್ಲ. ನಮ್ಮ ಅಡುಗೆ ಸಿಲಿಂಡರಿನಲ್ಲಿರುವುದು ಅದೇ ಪ್ರೊಪೇನ್ ಮತ್ತು ಅದರ ಸೋದರನಾದ ಬ್ಯುಟೇನ್ ಕೂಡಿದ ಮಿಶ್ರಣ.

ಈ ಯಂತ್ರದಿಂದ ಬರುವ ಅಪಾಯ ಎರಡು ಬಗೆ. ಒಂದು, ಉರಿಯದೆ ಸೋರಿದ ಅನಿಲದಿಂದ. ಇನ್ನೊಂದು, ಇಂಜಿನಿನಲ್ಲಿ ಉರಿದು ಹೊರಬಂದ ಅನಿಲದಿಂದ. ಇವೆರಡರ ಸ್ವಭಾವವೂ ಬೇರೆ, ಇವನ್ನು ಕಾಯುವ ಉಪಾಯವೂ ಬೇರೆ. ಈ ಭೇದವನ್ನು ತಿಳಿದವನಿಗೆ ಕೈಪಿಡಿಯ ಮುಕ್ಕಾಲು ಭಾಗ ತಿಳಿದಂತೆಯೇ.

ಸೋರಿದ ಅನಿಲವನ್ನು ಮೊದಲು ನೋಡೋಣ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲೇ ಕುದಿದು ಆವಿಯಾಗುವ ವಸ್ತು. ಒತ್ತಡದಿಂದ ಅದನ್ನು ದ್ರವವಾಗಿಸಿ ಸಿಲಿಂಡರಿನಲ್ಲಿ ತುಂಬಿರುತ್ತಾರೆ. ಒಂದು ಲೋಟ ದ್ರವ ಹೊರಗೆ ಬಂದರೆ ಸುಮಾರು 270 ಲೋಟ ಅನಿಲವಾಗುತ್ತದೆ. ಅದು ಗಾಳಿಗಿಂತ ಒಂದೂವರೆ ಪಾಲು ಭಾರ. ಆದಕಾರಣ ಹೊಗೆಯಂತೆ ಮೇಲೇರದೆ, ನೀರಿನಂತೆ ನೆಲದ ಮೇಲೆ ಹರಿದು ಚರಂಡಿ, ಹಳ್ಳ, ನೆಲಮಾಳಿಗೆಗಳಲ್ಲಿ ನಿಲ್ಲುತ್ತದೆ. ನೂರು ಪಾಲು ಗಾಳಿಯಲ್ಲಿ ಸುಮಾರು ಎರಡು ಪಾಲು ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ಸ್ವಂತ ವಾಸನೆಯಿಲ್ಲ. ಜನಕ್ಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ನಾವು "ಗ್ಯಾಸ್ ವಾಸನೆ" ಎನ್ನುವುದು ಆ ಬೆರಕೆಯ ವಾಸನೆಯನ್ನೇ.

ಈ ಹರಿಯುವ ಗುಣ ಎಷ್ಟು ಘೋರವೆಂಬುದನ್ನು ನಮ್ಮ ಜಿಲ್ಲೆಯ ಮೂಲಕ ಹಾದು ಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿಯೇ ಕಂಡಿದೆ. 2013 ರ ಏಪ್ರಿಲ್ 9 ರಂದು, ಘಟ್ಟದ ಕೆಳಗೆ ಉಪ್ಪಿನಂಗಡಿಯ ಬಳಿಯ ಪೆರ್ನೆಯಲ್ಲಿ ಅನಿಲದ ಟ್ಯಾಂಕರು ಉರುಳಿ, ಅನಿಲ ಹೊರಬಂದು ಹೊತ್ತಿಕೊಂಡು, ರಸ್ತೆಬದಿಯ ಮನೆಗಳವರು ಪ್ರಾಣ ಕಳೆದುಕೊಂಡರು. ಟ್ಯಾಂಕರಿಗೂ ಯಂತ್ರದ ಸಣ್ಣ ಸಿಲಿಂಡರಿಗೂ ಪ್ರಮಾಣದಲ್ಲಿ ಅಜಗಜಾಂತರ. ಆದರೆ ಅನಿಲದ ಸ್ವಭಾವ ಒಂದೇ.

ಆದ್ದರಿಂದ ಸಿಲಿಂಡರಿನ ವಿಷಯದಲ್ಲಿ ಕೆಲವು ಕಟ್ಟುಪಾಡುಗಳಿವೆ. ಸಿಲಿಂಡರಿನ ನೂರು ಪಾಲಿನಲ್ಲಿ 80 ಪಾಲು ಮಾತ್ರ ದ್ರವ ತುಂಬಿಸಬೇಕು. ಬಿಸಿಲಿಗೆ ದ್ರವ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಒತ್ತಡ ಏರಿ ರಕ್ಷಣಾ ಕವಾಟ ತೆರೆದು ಅನಿಲ ಹೊರಗೆ ಚಿಮ್ಮುತ್ತದೆ. ಹೊರಗೆ ತುಂಬಿಸಿ ತಂದ ಸಿಲಿಂಡರನ್ನು ಬೆಚ್ಚಗಿನ ಕಟ್ಟಡದೊಳಕ್ಕೆ ತರುವಾಗ ಇದನ್ನು ಮರೆಯಬಾರದು. ಸಿಲಿಂಡರು ಬದಲಿಸುವುದನ್ನು ಯಾವಾಗಲೂ ಬಯಲಿನಲ್ಲೇ ಮಾಡಬೇಕು. ಯಂತ್ರದ ಮೇಲೆ ಅದನ್ನು ತಯಾರಕರು ಗುರುತಿಸಿದ ಭಂಗಿಯಲ್ಲೇ ಕೂರಿಸಬೇಕು. ಇಂಜಿನಿಗೆ ಆವಿ ಹೋಗಬೇಕೇ ಹೊರತು ದ್ರವ ಹೋಗಬಾರದು. ಜೋಡಣೆಯ ಒಳಗಿನ ರಬ್ಬರ್ ಉಂಗುರ ಬಿರಿದಿದೆಯೇ, ಕೊಳವೆ ಸವೆದಿದೆಯೇ ಎಂದು ಪ್ರತಿದಿನ ನೋಡಬೇಕು. ಸಂದೇಹ ಬಂದರೆ ಸೋಪಿನ ನೀರು ಸವರಿ ಗುಳ್ಳೆ ಏಳುವುದೇ ಎಂದು ಪರೀಕ್ಷಿಸಬೇಕು. ಕಡ್ಡಿ ಗೀರಿ ನೋಡುವುದು ಪರೀಕ್ಷೆಯಲ್ಲ, ಆತ್ಮಹತ್ಯೆ.

ಕೆಲಸ ಮುಗಿದಾಗ ಇಂಜಿನಿನ ಬೀಗದ ಕೈಯನ್ನು ಮೊದಲು ತಿರುಗಿಸಬಾರದು. ಮೊದಲು ಸಿಲಿಂಡರಿನ ಕವಾಟ ಮುಚ್ಚಬೇಕು. ಕೊಳವೆಯಲ್ಲಿ ಉಳಿದ ಅನಿಲವೆಲ್ಲ ಉರಿದು ಇಂಜಿನು ತಾನಾಗಿ ನಿಂತ ಮೇಲೆ ಬೀಗ ತಿರುಗಿಸಬೇಕು. ಹೀಗೆ ಮಾಡಿದರೆ ಕೊಳವೆಯಲ್ಲಿ ಅನಿಲ ಉಳಿಯುವುದಿಲ್ಲ. ಆಮೇಲೆ ಸಿಲಿಂಡರನ್ನು ಕಳಚಿ, ಕಟ್ಟಡದ ಹೊರಗೆ, ಗಾಳಿಯಾಡುವ ಜಾಲರಿಯ ಗೂಡಿನಲ್ಲಿ, ಬಾಗಿಲಿಗೂ ಚರಂಡಿಗೂ ದೂರವಾಗಿ, ನೆಟ್ಟಗೆ ನಿಲ್ಲಿಸಿಡಬೇಕು. ಬರಿದಾದ ಸಿಲಿಂಡರಿಗೂ ಇದೇ ನಿಯಮ. ಬರಿದೆಂದು ಕಂಡದ್ದು ಪೂರ್ತಿ ಬರಿದಾಗಿರುವುದಿಲ್ಲ.

ಇನ್ನು ಎರಡನೆಯ ಅಪಾಯ. ಇದು ಮೊದಲನೆಯದಕ್ಕಿಂತ ಮೆತ್ತಗೆ ಬರುತ್ತದೆ, ಅದಕ್ಕೇ ಹೆಚ್ಚು ಕೆಟ್ಟದ್ದು. ಅನಿಲವು ಸಾಕಷ್ಟು ಗಾಳಿಯೊಡನೆ ಉರಿದರೆ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ. ಗಾಳಿ ಸಾಲದೆ ಹೋದರೆ ಇಂಗಾಲದ ಮಾನಾಕ್ಸೈಡು ಹೆಚ್ಚುತ್ತದೆ. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಎಚ್ಚರಿಸಲು ಯಾರೂ ವಾಸನೆ ಬೆರೆಸಿಯೂ ಇಲ್ಲ. ಇದು ನೆಲಕ್ಕೆ ಇಳಿಯದೆ ಕೋಣೆಯ ಗಾಳಿಯಲ್ಲೆಲ್ಲ ಬೆರೆಯುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಮನುಷ್ಯನು ಉಸಿರಾಡುತ್ತಲೇ ಉಸಿರಿಲ್ಲದವನಾಗುತ್ತಾನೆ.

ಮೊದಲು ತಲೆನೋವು, ತಲೆಸುತ್ತು, ಆಮೇಲೆ ಓಕರಿಕೆ, ಕೈಕಾಲು ಸೋಲು, ಬುದ್ಧಿಗೆ ಮಂಕು, ಕೊನೆಗೆ ಮೂರ್ಛೆ. ರಾತ್ರಿ ನಿದ್ದೆಗೆಟ್ಟು ದುಡಿಯುವವನಿಗೆ ಇವೆಲ್ಲ ನಿದ್ದೆಗೇಡಿನ ಫಲವೆಂದೇ ತೋರುತ್ತವೆ. ನನ್ನ ಚಿಕ್ಕಪ್ಪನ ಮಗನೂ, "ಈ ಕೆಲಸದಲ್ಲಿ ತಲೆನೋವು ಇದ್ದದ್ದೇ" ಎಂದು ಫೋನಿನಲ್ಲಿ ಹೇಳಿದ್ದ. ಕೈಪಿಡಿ ಓದುವಾಗ ನನ್ನ ಎದೆ ಹೊಡೆದುಕೊಂಡದ್ದು ಈ ಮಾತು ನೆನಪಾದಾಗ. ಕೆಲಸದ ಜಾಗದಲ್ಲಿ ಬಂದು, ಹೊರಗೆ ಹೋದೊಡನೆ ಕಡಮೆಯಾಗುವ ತಲೆನೋವನ್ನೂ, ಒಟ್ಟಿಗೆ ದುಡಿಯುವ ಇಬ್ಬರು ಮೂವರಿಗೆ ಏಕಕಾಲದಲ್ಲಿ ಬರುವ ತಲೆನೋವನ್ನೂ ಆಯಾಸವೆಂದು ತಳ್ಳಿಹಾಕಬಾರದು. ಕೂಡಲೆ ಯಂತ್ರ ನಿಲ್ಲಿಸಿ, ಎಲ್ಲರೂ ಬಯಲಿಗೆ ಬರಬೇಕು. ವೈದ್ಯರಿಗೆ ಯಂತ್ರದ ವಿಷಯವನ್ನು ಮೊದಲೇ ಹೇಳಬೇಕು.

ಇದು ಕಾಗದದ ಮೇಲಿನ ಭಯವಲ್ಲ. 1992 ರಲ್ಲಿ ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ ಇಂಥದೇ ಹೊಳಪು ಯಂತ್ರದಿಂದ ಈ ವಿಷಬಾಧೆಯಾದ ಪ್ರಸಂಗವನ್ನು ಆ ದೇಶದ ರೋಗನಿಯಂತ್ರಣ ಕೇಂದ್ರವು ಮರುವರ್ಷ ಪ್ರಕಟಿಸಿತು. ಎಂಟು ಗಂಟೆಯ ದುಡಿಮೆಯಲ್ಲಿ ಈ ಅನಿಲ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸರಾಸರಿ 50 ಪಾಲನ್ನು ಮೀರಬಾರದೆಂದು ಅಲ್ಲಿಯ ಕಾನೂನು. ಅಲ್ಲಿಯ ಆರೋಗ್ಯ ಸಂಶೋಧನಾ ಸಂಸ್ಥೆಯಾದರೋ 35 ನ್ನೇ ಮಿತಿಯಾಗಿ ಸೂಚಿಸಿದೆ. ಹತ್ತು ಲಕ್ಷಕ್ಕೆ ಐವತ್ತು! ಇಷ್ಟು ಅಲ್ಪವನ್ನು ಯಾವ ಮನುಷ್ಯನ ಇಂದ್ರಿಯವೂ ಅಳೆಯಲಾರದು. ಅದನ್ನು ಅಳೆಯುವ ಸಣ್ಣ ಉಪಕರಣ ದೊರೆಯುತ್ತದೆ; ಯಂತ್ರ ನಡೆಸುವವನ ಅಂಗಿಗೆ ಅದನ್ನು ಸಿಕ್ಕಿಸುವುದು ಯಜಮಾನನ ಕರ್ತವ್ಯ.

ಇಲ್ಲಿಯೇ ಜೋಪಾನದ ಮಹತ್ವ ಕಾಣುವುದು. ಗಾಳಿ ಸೋಸುವ ಫಿಲ್ಟರಿನಲ್ಲಿ ಧೂಳು ತುಂಬಿದರೆ ಇಂಜಿನಿಗೆ ಗಾಳಿ ಸಾಲದು. ಗಾಳಿ ಸಾಲದಿದ್ದರೆ ವಿಷ ಹೆಚ್ಚುತ್ತದೆ. ನೆಲ ಉಜ್ಜುವ ಯಂತ್ರ ತಾನೇ ಧೂಳೆಬ್ಬಿಸುವುದರಿಂದ ಅದರ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಪ್ರತಿದಿನ ಫಿಲ್ಟರನ್ನೂ ಇಂಜಿನಿನ ಎಣ್ಣೆಯನ್ನೂ ನೋಡಬೇಕು. ಕಿಡಿ ಕೊಡುವ ಪ್ಲಗ್ಗನ್ನು ಕಾಲಕ್ಕೆ ಬದಲಿಸಬೇಕು. ಹೊಗೆಕೊಳವೆಯಲ್ಲಿ ವಿಷವನ್ನು ತಗ್ಗಿಸುವ ಪರಿವರ್ತಕವಿರುತ್ತದೆ. ಅದು ಕೆಟ್ಟರೆ ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ, ತಿಳಿದ ಮೆಕ್ಯಾನಿಕ್ಕಿನಿಂದ ಹೊಗೆಯನ್ನು ಅಳತೆ ಮಾಡಿಸಿಯೇ ಇಂಜಿನನ್ನು ಹದಗೊಳಿಸಬೇಕು. ಚಾಲೂ ಇರುವ ಯಂತ್ರವನ್ನು ಬಿಟ್ಟು ಹೋಗಕೂಡದು. ಇಕ್ಕಟ್ಟಾದ, ಗಾಳಿಯಾಡದ ಕೋಣೆಗಳಲ್ಲಿ ಅದನ್ನು ನಡೆಸಲೇಕೂಡದು. ಒಂದು ಬಾಗಿಲು ತೆರೆದಿದೆಯಲ್ಲ ಎಂಬ ಧೈರ್ಯವೂ ಸಾಲದು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವಂತಿರಬೇಕು.

ಈ ಯಂತ್ರವನ್ನೇ ಕಾಣದ ನಮ್ಮ ಊರಿನವರಿಗೆ ಇದರಿಂದ ಏನು ಪ್ರಯೋಜನ? ಬಹಳವಿದೆ. ಬಾಣಂತಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಇಡುವ ಅಗ್ಗಿಷ್ಟಿಕೆಯ ಕೆಂಡ ಹೊಗೆ ಕಾರುವುದಿಲ್ಲ, ಆದರೆ ಇದೇ ವಿಷವನ್ನು ಕಾರುತ್ತದೆ. ಸಣ್ಣ ಬಚ್ಚಲುಮನೆಯೊಳಗೆ ಕೂರಿಸಿದ ಗ್ಯಾಸ್ ಗೀಸರು, ಬಾಗಿಲೆಳೆದ ಅಂಗಡಿಯೊಳಗೆ ಓಡುವ ಜನರೇಟರು, ನೀರಿನ ಮಟ್ಟ ಇಳಿದಾಗ ಬಾವಿಯೊಳಕ್ಕೆ ಇಳಿಸಿದ ಎಣ್ಣೆ ಇಂಜಿನು, ಇವೆಲ್ಲ ಆ ನೆಲಯಂತ್ರದ ಸೋದರರೇ. ಬಾವಿಯಲ್ಲಿ ಬಿದ್ದವನನ್ನು ಎತ್ತಲು ಹಿಂದೆ ಮುಂದೆ ನೋಡದೆ ಇಳಿದವನೂ ಅಲ್ಲೇ ಒರಗುವುದುಂಟು. ಮೊದಲು ಇಂಜಿನು ನಿಲ್ಲಬೇಕು, ಗಾಳಿಯಾಡಬೇಕು, 108 ಕ್ಕೆ ಕರೆ ಹೋಗಬೇಕು. ಮನೆಯ ಅಡುಗೆ ಅನಿಲ ಸೋರಿದ ವಾಸನೆ ಬಂದರೆ ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ವಿದ್ಯುತ್ ಸ್ವಿಚ್ಚನ್ನು ಹಾಕದೆ ಆರಿಸದೆ ಹೊರಬಂದು, 1906 ಕ್ಕೆ ತಿಳಿಸಬೇಕು. ಒಲೆಯ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಒಂದು ಅಕ್ಷರವೂ ಎರಡು ಅಂಕಿಗಳೂ ಇರುತ್ತವೆ. ಅಕ್ಷರ ವರ್ಷದ ಮೂರು ಮೂರು ತಿಂಗಳ ಭಾಗವನ್ನು, ಅಂಕಿ ವರ್ಷವನ್ನು ಸೂಚಿಸುತ್ತದೆ. ಆ ಅವಧಿ ಮೀರಿದ ಸಿಲಿಂಡರನ್ನು ಪರೀಕ್ಷೆಯಿಲ್ಲದೆ ಬಳಸಬಾರದು. ಸಿಲಿಂಡರು ತಂದವರ ಮುಂದೆಯೇ ಇದನ್ನು ಓದಿ ನೋಡುವುದು ನಮ್ಮ ಹಕ್ಕು.

ಒಟ್ಟಿನಲ್ಲಿ ಹೇಳಬೇಕಾದ ಮಾತು ಇದು: ಸೋರಿದ ಅನಿಲಕ್ಕೆ ಮೂಗು ಕಾವಲು, ಉರಿದ ಅನಿಲಕ್ಕೆ ತಿಳಿವಳಿಕೆಯೊಂದೇ ಕಾವಲು. ಈ ತಿಳಿವಳಿಕೆ ಇಂಗ್ಲಿಷಿನ ಕೈಪಿಡಿಗಳಲ್ಲಿ ಅಚ್ಚಾಗಿ ಬಿದ್ದಿದೆ. ಯಂತ್ರವನ್ನು ತಳ್ಳುವ ಕೈಗೆ ಆ ಕೈಪಿಡಿ ಓದಲು ಬಾರದು. ಓದಬಲ್ಲವನು ಯಂತ್ರವನ್ನು ತಳ್ಳುವುದಿಲ್ಲ. ಈ ಇಬ್ಬರ ನಡುವೆ ಇರುವ ಅಂತರವನ್ನು ತುಂಬುವುದು ನಮ್ಮಂಥ ಮೊದಲ ತಲೆಮಾರಿನ ವಿದ್ಯಾವಂತರ ಕೆಲಸವೆಂದು ನನ್ನ ನಂಬಿಕೆ. ಪದವಿಯ ಕಾಗದವನ್ನು ಗೋಡೆಗೆ ತೂಗುಹಾಕುವ ಮೊದಲು, ನಮ್ಮ ಮನೆಯವರು ದಿನವೂ ಮುಟ್ಟುವ ಯಂತ್ರ, ಔಷಧಿ, ಗೊಬ್ಬರದ ಚೀಲಗಳ ಮೇಲಿನ ಬರಹವನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳೋಣ. ನನ್ನ ಚಿಕ್ಕಪ್ಪನ ಮಗ ಈಗ ವಿಷ ಅಳೆಯುವ ಉಪಕರಣವನ್ನು ಯಜಮಾನರಿಂದ ಕೇಳಿ ಪಡೆದಿದ್ದಾನೆ. ಓದಿದ್ದಕ್ಕೆ ಇಷ್ಟು ಫಲ ಸಿಕ್ಕಿತಲ್ಲ ಎಂದು ನನಗೆ ಸಮಾಧಾನ. ಸಹಪಾಠಿಗಳು ಇದನ್ನು ಓದಿ ತಮ್ಮ ತಮ್ಮ ಮನೆಗಳಲ್ಲಿ ಒಂದು ಮಾತು ತಿಳಿಸಿದರೆ ಈ ಬರಹ ಸಾರ್ಥಕವಾದಂತೆ.