ಹದಿನೆಂಟು ದಾಟಿದ ಹುಡುಗಿಗೆ ಸೂರು ಯಾರದು?

ಬೆಂಗಳೂರಿನ ಮಹದೇವಪುರದಲ್ಲಿ ಗರುಡಾಚಾರ್‌ಪಾಳ್ಯದಿಂದ ಹೂಡಿಯವರೆಗೆ ಯಾವ ಅಡ್ಡರಸ್ತೆ ಹೊಕ್ಕರೂ ‘ಲೇಡೀಸ್ ಪಿ.ಜಿ.’ ಬೋರ್ಡು ಕಣ್ಣಿಗೆ ಬೀಳುತ್ತದೆ. ಕೆಲಸ ಹುಡುಕಿ ಬಂದ ಹೆಣ್ಣುಮಕ್ಕಳಿಗೆ ಇಲ್ಲಿ ಹಾಸಿಗೆಗೆ ಬರವಿಲ್ಲ. ಆದರೆ ಒಳಗೆ ಸೇರಬೇಕಾದರೆ ಅಡ್ವಾನ್ಸ್ ಕಟ್ಟಬೇಕು, ಆಧಾರ್ ಕೊಡಬೇಕು, ಅಪ್ಪನದೋ ಅಣ್ಣನದೋ ಫೋನ್ ನಂಬರ್ ಬರೆಸಬೇಕು. ಬಾಲಮಂದಿರದಲ್ಲಿ ಬೆಳೆದು, ಹದಿನೆಂಟು ತುಂಬಿತೆಂದು ಹೊರಬಿದ್ದ ಹುಡುಗಿ ಅಲ್ಲಿ ಯಾರ ನಂಬರ್ ಬರೆಸಬೇಕು?

ದಿಕ್ಕಿಲ್ಲದ ಹೆಣ್ಣಿಗೆ ಆಸರೆ ಕೊಡುವ ಕೆಲಸ ಬೆಂಗಳೂರಿಗೆ ಹೊಸದಲ್ಲ. ಫ್ರಾನ್ಸ್‌ನಲ್ಲಿ ಹುಟ್ಟಿದ ಗುಡ್ ಶೆಫರ್ಡ್ ಸಭೆಯ ಸನ್ಯಾಸಿನಿಯರು 1854ರಲ್ಲಿ ಬೆಂಗಳೂರು ದಂಡಿಗೆ ಬಂದರು. ನೆಲೆಯಿಲ್ಲದ ಹೆಣ್ಣುಮಕ್ಕಳ ಸೇವೆಯೇ ಆ ಸಭೆಯ ಮೂಲ ವ್ರತ. 1905ರಲ್ಲಿ ಬಸವನಗುಡಿಯ ಅಬಲಾಶ್ರಮ ಆರಂಭವಾಯಿತು. ಬಾಲವಿಧವೆಯರಿಗೆ ತವರೂ ಇಲ್ಲದ, ಗಂಡನ ಮನೆಯೂ ಇಲ್ಲದ ಕಾಲವದು. ಆಸರೆ ಕೊಟ್ಟವರ ಮನಸ್ಸು ದೊಡ್ಡದೇ. ಆದರೆ ಹೆಣ್ಣೊಬ್ಬಳು ಸ್ವಂತ ದುಡಿಮೆಯಿಂದ ಒಂಟಿಯಾಗಿ ಬಾಳುವುದನ್ನು ಆಗಿನ ಸಮಾಜ ಒಪ್ಪುತ್ತಿರಲಿಲ್ಲ.

ಸ್ವಾತಂತ್ರ್ಯದ ನಂತರ ಈ ಹೊಣೆ ಸರ್ಕಾರದ ಹೆಗಲಿಗೂ ಬಂತು. ರಾಜ್ಯ ಮಹಿಳಾ ನಿಲಯಗಳು, ಸ್ವೀಕಾರ ಕೇಂದ್ರಗಳು ತೆರೆದವು. ಕಷ್ಟದಲ್ಲಿರುವವರು ಕೆಲಕಾಲ ತಂಗಲೆಂದು 1969ರಲ್ಲಿ ಕೇಂದ್ರ ಸರ್ಕಾರ ಅಲ್ಪಾವಧಿ ವಸತಿಗೃಹಗಳ ಯೋಜನೆ ತಂದಿತು. 1972-73ರಲ್ಲಿ ಉದ್ಯೋಗಸ್ಥ ಮಹಿಳೆಯರ ವಸತಿನಿಲಯದ ಯೋಜನೆ ಬಂತು. ಮುಂದೆ ಅದರ ನಿಯಮಗಳು ಬಾಡಿಗೆಯನ್ನು ಸಂಬಳಕ್ಕೇ ಕಟ್ಟಿಹಾಕಿದವು: ಒಬ್ಬರ ಕೋಣೆಗೆ ಸಂಬಳದ ಶೇ 15, ಇಬ್ಬರ ಕೋಣೆಗೆ ಶೇ 10, ಡಾರ್ಮಿಟರಿಗೆ ಶೇ 7.5 ಮೀರಬಾರದು; ಮೂರು ವರ್ಷದವರೆಗೆ ಇರಬಹುದು. ಹೀಗೆ ಸಂಕಟಕ್ಕೆ ಸಿಕ್ಕವರಿಗೆ ಒಂದು ಬಾಗಿಲು, ಸಂಬಳ ಬರುವವರಿಗೆ ಇನ್ನೊಂದು. ಇನ್ನೂ ಕೆಲಸ ಕಲಿಯುತ್ತಿರುವ ಹುಡುಗಿಗೆ ಈ ಎರಡನೇ ಬಾಗಿಲಲ್ಲಿ ಸೀಮಿತ ಜಾಗ ಮಾತ್ರ ಇತ್ತು.

ನಗರದ ಪೂರ್ವಕ್ಕೆ, ಎಚ್‌ಎಎಲ್ ಪಕ್ಕದ ಅಣ್ಣಸಂದ್ರಪಾಳ್ಯದಲ್ಲಿ ನೆಲೆಯೂರಿರುವ ಅಪ್ಸಾ ಸಂಸ್ಥೆ ಹುಟ್ಟಿದ್ದು 1981ರಲ್ಲಿ. ಬೀದಿಯಲ್ಲಿದ್ದ, ಕೂಲಿಗೆ ಹೋಗುತ್ತಿದ್ದ ಮಕ್ಕಳಿಗೆ ಅದು ‘ನಮ್ಮನೆ’ ಎಂಬ ಆಸರೆ ಕಟ್ಟಿತು. ಯುವಜನರ ಕೈಗೆ ಕಸುಬು ಕೊಡುವ ತರಬೇತಿಯನ್ನೂ ಜೊತೆಗೂಡಿಸಿತು. ಊಟ, ಹಾಸಿಗೆಯಷ್ಟೇ ಸಾಲದು, ಕಾಲ ಮೇಲೆ ನಿಲ್ಲುವವರೆಗೆ ಜೊತೆಗಿರಬೇಕು ಎಂಬ ತಿಳಿವಳಿಕೆ ಇಂಥ ಕೆಲಸದಿಂದಲೇ ಬಲಿತದ್ದು.

ಕಾನೂನು ಕೂಡ ಅದೇ ಹಾದಿ ಹಿಡಿಯಿತು. 2015ರ ಬಾಲ ನ್ಯಾಯ ಕಾಯ್ದೆಯ 46ನೇ ಕಲಂ, ಸಂಸ್ಥೆಯಿಂದ ಹೊರಬರುವವರಿಗೆ ಅನುಪಾಲನೆಯ, ಅಂದರೆ ಹೊರಬಂದ ಮೇಲಿನ ಆರೈಕೆಯ, ಮಾತಾಡುತ್ತದೆ. ಮರುವರ್ಷದ ಮಾದರಿ ನಿಯಮಗಳು ಇನ್ನಷ್ಟು ಸ್ಪಷ್ಟ: 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ ನೆರವು, ಆರರಿಂದ ಎಂಟು ಮಂದಿ ಒಟ್ಟಾಗಿ ಇರುವಂಥ ತಾತ್ಕಾಲಿಕ ಮನೆ, ತರಬೇತಿಯ ಕಾಲದಲ್ಲಿ ಭತ್ಯೆ, ಮಾತಿಗೆ, ಸಲಹೆಗೆ ಒಬ್ಬರು ಆಪ್ತ ಸಮಾಲೋಚಕರು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಇದಕ್ಕೆ ತಿಂಗಳಿಗೆ ತಲಾ 4,000 ರೂಪಾಯಿ. ಐ.ಟಿ. ಕಂಪನಿಗಳ ನೆರಳಿನ ಮಹದೇವಪುರದಲ್ಲಿ ಅಷ್ಟು ಹಣಕ್ಕೆ ಊಟ ಸಮೇತ ಪಿ.ಜಿ. ಸಿಗುವುದೇ ಕಷ್ಟ, ಬಸ್ಸು, ಬಟ್ಟೆ, ಪುಸ್ತಕದ ಮಾತು ಆಮೇಲೆ.

ಅಂದರೆ ದಾರಿ ಕಾಗದದ ಮೇಲೆ ಆಗಲೇ ಸಿದ್ಧವಿದೆ. ಗಾರ್ಮೆಂಟ್ಸ್, ಆಸ್ಪತ್ರೆ, ಕಚೇರಿಗಳ ಕೆಲಸ ಈ ಭಾಗದಲ್ಲಿದೆ, 2023ರಿಂದ ಕೆ.ಆರ್. ಪುರ–ವೈಟ್‌ಫೀಲ್ಡ್ ಮೆಟ್ರೊ ಓಡುತ್ತಿದೆ. 2025ರಲ್ಲಿ ಮಹದೇವಪುರ, ಕೆ.ಆರ್. ಪುರಗಳಿಗೆಂದೇ ಬೆಂಗಳೂರು ಪೂರ್ವ ನಗರ ಪಾಲಿಕೆ ರೂಪುಗೊಂಡಿದೆ. ಪಾಲಿಕೆಯೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ಕೂಡಿ, ಮೆಟ್ರೊ ನಿಲ್ದಾಣದ ಹತ್ತಿರ ಮನೆಗಳನ್ನು ತಾವೇ ಬಾಡಿಗೆಗೆ ಹಿಡಿಯಲಿ, ಅಡ್ವಾನ್ಸಿಗೆ ತಾವೇ ಜಾಮೀನು ನಿಲ್ಲಲಿ. ನಮ್ಮ ಮನೆಯ ಮಕ್ಕಳು ಡಿಗ್ರಿ ಮುಗಿಸಿ, ಕೆಲಸ ಹಿಡಿಯುವವರೆಗೂ ನಾವೇ ನೋಡಿಕೊಳ್ಳುತ್ತೇವೆ. ಹದಿನೆಂಟರವರೆಗೆ ಹೆತ್ತವರ ಸ್ಥಾನದಲ್ಲಿ ನಿಂತು ಸಾಕಿದ ಸರ್ಕಾರ, ತನ್ನ ಮಡಿಲಲ್ಲಿ ಬೆಳೆದ ಹುಡುಗಿಗೂ ಅಷ್ಟು ಕಾಲಾವಕಾಶ ಕೊಡಲೇಬೇಕು.